ಕಳೆದುಹೋದವರನ್ನು ಮನೆಗೆ ಕರೆಸುವವರು

ನಮ್ಮ ಮಹಡಿಯ ಮೇಲಿನ ಮನೆಯ ಕಾದಂಬರಿಕಾರರ ಕೈಗೆ ಸಿಕ್ಕವರು ಯಾರೂ ಕಳೆದುಹೋಗಿಯೇ ಉಳಿಯುವುದಿಲ್ಲ. ಹಡಗಿನೊಂದಿಗೆ ಮುಳುಗಿದ ಗಂಡ, ಮುನಿಸಿಕೊಂಡು ಹೋದ ಮಗಳು, ನೆನಪೇ ಹಾರಿಹೋದ ಅಪ್ಪ, ಎಲ್ಲರೂ ಕೊನೆಯ ಅಧ್ಯಾಯದಲ್ಲಿ ಬಂದು ಬಾಗಿಲು ತಟ್ಟಲೇಬೇಕು. “ಮತ್ತೆ ಅದೇ ರಾಗನಾ?” ಎಂದು ಹೆಂಡತಿ ಮೂಗು ಮುರಿದರೆ, “ಬರೋರು ಹಳಬರೇ ಕಣೇ, ಬಾಗಿಲು ತೆಗೆಯೋರು ಹೊಸಬರು” ಎನ್ನುತ್ತಾರೆ. ಕಣ್ಣಾರೆ ಕಾಣದ್ದನ್ನು ಬರೆಯುವ ಆಸಾಮಿಯಲ್ಲ. ಹಾಗಾಗಿ ಬೀದಿಯಲ್ಲಿ ಯಾರ ಮನೆಗೆ ಯಾರು ಊರಿಂದ ಬಂದರೂ, ಸಕ್ಕರೆ ಕೇಳುವ ನೆಪದಲ್ಲಿ ಲೋಟ ಹಿಡಿದು ಬೆನ್ನಹಿಂದೆಯೇ ಹಾಜರು. ಕೆಲಸದ ಮೇಲೆ ಪರವೂರಿಗೆ ಹೋಗಿದ್ದ ನನ್ನ ಅಣ್ಣ ಬಂದಾಗ ಅತ್ತಿಗೆ, “ಚಪ್ಪಲಿ ಹೊರಗೇ ಬಿಡಿ, ಈಗ ತಾನೆ ನೆಲ ಒರೆಸಿದೀನಿ” ಎಂದು ಗದರಿದ್ದರು. ಮುಂದಿನ ಕಾದಂಬರಿಯಲ್ಲಿ, ಸತ್ತೇ ಹೋದನೆಂದುಕೊಂಡಿದ್ದ ಗಂಡನಿಗೆ ಹೆಂಡತಿ ಆಡುವ ಮೊದಲ ಮಾತು ಅದೇ ಆಯಿತು. ಓದಿದವರೆಲ್ಲ ಗೊಳೋ ಎಂದು ಅತ್ತರು. ಅತ್ತಿಗೆ ಮಾತ್ರ ಕೊಟ್ಟ ಸಕ್ಕರೆ ವಾಪಸ್ ಕೇಳಿದರು. “ಎಲ್ಲರನ್ನೂ ಕರೆಸಿದ್ರಿ, ಮನೆ ಬಿಟ್ಟುಹೋದ ತಮ್ಮನೊಬ್ಬನ ಕಥೆ ಮಾತ್ರ ಬರೀಲೇ ಇಲ್ವಲ್ಲ ಸಾರ್?” ಎಂದು ಮೊನ್ನೆ ತಮಾಷೆಗೆ ಕೇಳಿದೆ. ಕೈಯಲ್ಲಿದ್ದ ಲೋಟವನ್ನೇ ನೋಡುತ್ತ ಹೇಳಿದರು: “ನನ್ನ ತಮ್ಮ ಇನ್ನೂ ಬಂದಿಲ್ಲಪ್ಪ. ಬರ್ಲಿ, ನೋಡ್ಕೊಂಡು ಬರೀತೀನಿ.”