ಒಂದೇ ಕಣ್ಣಿನಲ್ಲಿ ಊರು ನೋಡಿದ ರಂಗಿ

ಹುರುಳಿ ಬೇಯುವ ವಾಸನೆ ಬೇರೆಯವರಿಗೆ ಸಾರಿನ ವಾಸನೆ. ನನಗೆ ಅದು ಕುದುರೆಯ ವಾಸನೆ. ತುಮಕೂರಿನ ಅಂಚಿನ ಮರಳೂರಿನ ಈ ಮನೆಯಲ್ಲಿ ಕುಕ್ಕರ್ ಕೂಗಿ, ಆ ಬಿಸಿ ಮಣ್ಣಿನಂಥ ಹಬೆ ಅಡುಗೆಮನೆ ತುಂಬಿತೆಂದರೆ ನಾನು ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಒಂದು ಗಳಿಗೆ ನಿಂತುಬಿಡುತ್ತೇನೆ. ನಮ್ಮ ಯಜಮಾನರು ಇದನ್ನು ನೋಡಿ ನಗುತ್ತಾರೆ. ನಗಲಿ, ಅವರ ಮನೆಯಲ್ಲಿ ಸ್ಕೂಟರ್ ಇತ್ತು, ಕುದುರೆ ಇರಲಿಲ್ಲ. ತುಮಕೂರಿನ ಹಳೆಯ ಪೇಟೆಯ ಓಣಿಯಲ್ಲಿದ್ದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಆ ವಾಸನೆಯಿಂದ. ಅಂಗಳದ ಮೂಲೆಯಲ್ಲಿ ಕಲ್ಲು ಹೂಡಿದ ಒಲೆ, ಅದರ ಮೇಲೆ ಮಸಿ ಹಿಡಿದ ದೊಡ್ಡ ಪಾತ್ರೆ, ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ಕೂತ ನನ್ನ ಅಜ್ಜಿ. ನಾವು ಅವರನ್ನು ದಾದಿ ಎನ್ನುತ್ತಿದ್ದೆವು, ಅಜ್ಜನನ್ನು ದಾದಾ. ಬೆಂದ ಹುರುಳಿಯ ಮೊದಲ ಪಾಲು ಕುದುರೆಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಈ ಕ್ರಮದಲ್ಲಿ ನಮಗ್ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಮನೆಮಂದಿಯ ಹೊಟ್ಟೆ ತುಂಬಿಸಿದವಳು ಅವಳೇ ತಾನೆ.

ಅವಳ ಹೆಸರು ರಂಗಿ. ಬೂದಿ ಬಣ್ಣದ, ಉದ್ದ ರೆಪ್ಪೆಯ, ಸ್ವಲ್ಪ ಜಂಬದ ಹೆಣ್ಣು ಕುದುರೆ. ಗುಬ್ಬಿ ಕಡೆಯ ಚೇಳೂರಿನಲ್ಲಿ ಸಿದ್ದಪ್ಪ ಎಂಬ ತೆಂಗಿನ ತೋಟದವರ ಮನೆಯಲ್ಲಿ ಹುಟ್ಟಿ ಬೆಳೆದವಳು. ದಾದಾ ಅವಳನ್ನು ಎಳೆ ಪ್ರಾಯದಲ್ಲೇ ತಂದು ತಮ್ಮ ಜಟಕಾ ಗಾಡಿಗೆ ಪಳಗಿಸಿದರು. ಹೆಸರು ಬದಲಿಸಲು ಹೋದರೆ ತಿರುಗಿಯೂ ನೋಡಲಿಲ್ಲವಂತೆ, ಹಾಗಾಗಿ ರಂಗಿ ರಂಗಿಯಾಗಿಯೇ ಉಳಿದಳು. ಇನ್ನೊಂದು ಫಜೀತಿ ಎಂದರೆ ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತು ತಿಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನಾವೆಲ್ಲ ಆಡುತ್ತಿದ್ದುದು ಉರ್ದು. ದಾದಾ ಹೆಂಡತಿಯ ಜೊತೆ ಉರ್ದುವಿನಲ್ಲಿ ಜಗಳವಾಡುತ್ತ ಅಂಗಳಕ್ಕೆ ಬಂದು, ಲಾಯದ ಹೊಸ್ತಿಲು ದಾಟುತ್ತಲೇ ದನಿ ಇಳಿಸಿ, “ಏನವ್ವ, ನಿದ್ದೆ ಆಯ್ತಾ? ಕಾಲೆತ್ತು, ಸ್ವಲ್ಪ ಆ ಕಡೀಕೆ ಸರ್ಕೋ” ಎನ್ನುತ್ತಿದ್ದರು. ನಾನು ಕನ್ನಡ ಕಲಿತದ್ದು ಶಾಲೆಯಲ್ಲಲ್ಲ, ಆ ಲಾಯದಲ್ಲಿ. ಒಂದನೇ ಕ್ಲಾಸಿನಲ್ಲಿ ಪಕ್ಕದ ಹುಡುಗಿಯನ್ನು ಸರಿದು ಕೂರಲು ಹೇಳಬೇಕಾದಾಗ ನಾನು “ಹೋ, ಹೋ, ಹಿಂದಕ್ಕೆ” ಎಂದದ್ದನ್ನು ನಮ್ಮ ಮೇಡಂ ವರ್ಷವಿಡೀ ಹೇಳಿ ನಕ್ಕರು. ನನಗೇನೂ ನಾಚಿಕೆಯಾಗಲಿಲ್ಲ. ಅಂಥ ಸವಿಯಾದ ಕನ್ನಡವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

ನನಗೆ ಬುದ್ಧಿ ಬರುವ ಹೊತ್ತಿಗೆ ಊರ ತುಂಬ ಆಟೊಗಳಾಗಿದ್ದವು. ಸ್ಟ್ಯಾಂಡಿನಲ್ಲಿ ಉಳಿದಿದ್ದ ಕೆಲವೇ ಜಟಕಾಗಳಲ್ಲಿ ನಮ್ಮದೂ ಒಂದು. ರಂಗಿಗೂ ವಯಸ್ಸಾಗಿತ್ತು. ಹಣೆಯ ಮೇಲಿನ ಹಳ್ಳಗಳು ಆಳವಾಗಿ, ಬೆನ್ನು ಸ್ವಲ್ಪ ಬಾಗಿತ್ತು. ಬೆಳಗ್ಗೆ ಓಣಿಯ ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಕರೆತರುವುದು, ಅಷ್ಟೇ ಅವಳ ಕೆಲಸ. ಆಗಲೇ ಅವಳ ಬಲಗಣ್ಣಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡದ್ದು. ನೋಡಿದವರೆಲ್ಲ ಒಂದೇ ಮಾತು ಹೇಳಿದರು, ಕಣ್ಣಿಗೆ ಹೂ ಬಿದ್ದಿದೆ. ನಮ್ಮ ಕಡೆ ಕಣ್ಣಿನಲ್ಲಿ ಬಿಳಿ ಬಂದರೆ ಅದಕ್ಕೆ ಹೂ ಎಂದೇ ಹೆಸರು, ದನಕ್ಕಾದರೂ ಅಷ್ಟೆ, ಮನುಷ್ಯರಿಗಾದರೂ ಅಷ್ಟೆ. ಎಷ್ಟು ಚೆಂದದ ಹೆಸರು ನೋಡಿ, ಕೇಳಿದವರಿಗೆ ಭಯವೇ ಹುಟ್ಟುವುದಿಲ್ಲ. ದಾದಿ ಜೇನುತುಪ್ಪ ಹಚ್ಚಿದರು, ದಾದಾ ಉಪ್ಪುನೀರಿನಲ್ಲಿ ತೊಳೆದರು. ಹೂ ಉದುರುತ್ತದೆ ಎಂದು ನಾವೆಲ್ಲ ಕಾದೆವು. ಗಾಡಿ ಕಟ್ಟುವಾಗ ಕುದುರೆಯ ಎರಡು ಕಣ್ಣಿನ ಪಕ್ಕಕ್ಕೂ ಚರ್ಮದ ಪಟ್ಟಿ ಕಟ್ಟುತ್ತಾರಲ್ಲ, ಅಕ್ಕಪಕ್ಕ ನೋಡಿ ಬೆದರದಿರಲಿ ಎಂದು, ಆ ಪಟ್ಟಿಯ ಮರೆಯಲ್ಲಿ ಅದು ಸದ್ದಿಲ್ಲದೆ ಬೆಳೆಯಿತು. ಒಂದು ಸಂಜೆ ಪಟ್ಟಿ ಬಿಚ್ಚಿದ ದಾದಾ ದಾದಿಯನ್ನು ಕೂಗಿದರು. ಚರ್ಮದ ಒಳಮೈಗೆ ರಕ್ತ ಅಂಟಿತ್ತು, ಕಣ್ಣಿನ ಮೂಲೆಯಲ್ಲಿ ಹೂಕೋಸಿನ ಚೂರಿನಂಥ ಕೆಂಪು ಗಂಟು ಕೂತಿತ್ತು.

ಊರಿನ ದನದ ಡಾಕ್ಟರು ನೋಡಿ, ಇದು ನನ್ನ ಕೈಮೀರಿದ್ದು, ಕುಣಿಗಲ್ಲಿಗೆ ಹೋಗಿ ಎಂದರು. ಕುಣಿಗಲ್ ಎಂದರೆ ಕುದುರೆಗಳ ಊರು. ಅಲ್ಲಿ ಕುದುರೆಗಳ ಚಾಕರಿಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡಿದ್ದ ಡಾಕ್ಟರಮ್ಮ ಒಬ್ಬರು ನಮ್ಮ ಪುಣ್ಯಕ್ಕೆ ತಾವೇ ತುಮಕೂರಿಗೆ ಬಂದಿದ್ದಾಗ ನಮ್ಮ ಓಣಿಗೂ ಬಂದರು. ರಂಗಿಯ ಕೆನ್ನೆ ಸವರುತ್ತ, ರೆಪ್ಪೆ ಮಗುಚಿ ನೋಡಿ, ಟಾರ್ಚ್ ಬಿಟ್ಟು, ಕೊನೆಗೆ ಕೈ ತೊಳೆದುಕೊಂಡು ನಿಧಾನವಾಗಿ ಹೇಳಿದರು. ಇದು ಹೂವಲ್ಲ, ಕ್ಯಾನ್ಸರು. ಬಿಟ್ಟರೆ ಒಳಗಿನ ಮೂಳೆಗೆ ಹೋಗುತ್ತದೆ, ನೋವಿನಲ್ಲೇ ಸಾಯುತ್ತಾಳೆ. ಗಂಟು ಮಾತ್ರ ತೆಗೆಯುವ ಕಾಲ ಮೀರಿದೆ, ಕಣ್ಣನ್ನೇ ತೆಗೆಯಬೇಕು. ಮಲಗಿಸಿ ಮಾಡಿದರೆ ಈ ವಯಸ್ಸಿನಲ್ಲಿ ಮತ್ತೆ ಎದ್ದೇಳುವ ಭರವಸೆಯಿಲ್ಲ, ಮಂಪರು ಬರಿಸಿ ನಿಂತಲ್ಲೇ ಮಾಡಬಹುದು, ಆದರೆ ಅವಳು ತಲೆ ಕೊಡವದೆ ನಿಲ್ಲಬೇಕು. ಬೇಡವೆಂದರೆ ಒಂದು ಇಂಜೆಕ್ಷನ್ನಿನಲ್ಲಿ ನೆಮ್ಮದಿಯಾಗಿ ಕಳಿಸಿಕೊಡಬಹುದು, ಅದೂ ಪಾಪವಲ್ಲ. “ಯೋಚನೆ ಮಾಡಿ ಹೇಳಿ, ಆದ್ರೆ ತುಂಬಾ ದಿನ ತಗೋಬೇಡಿ” ಎಂದು ಹೊರಟರು. ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಆ ದಿನಗಳಲ್ಲಿ ದಾದಾ ಊಟಕ್ಕೆ ಕೂತರೆ ತುತ್ತು ತಟ್ಟೆಯಲ್ಲೇ ಉಳಿಯುತ್ತಿತ್ತು. ಅಷ್ಟು ಸಾಲದೆಂದು ಅವರು ಬಸ್ಸು ಹತ್ತಿ ಗುಬ್ಬಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಚೇಳೂರಿಗೆ ಹೋದರು, ಸಿದ್ದಪ್ಪನವರನ್ನು ಕೇಳಲಿಕ್ಕೆ. ತವರುಮನೆಯವರನ್ನು ಕೇಳದೆ ಹೆಣ್ಣಿಗೆ ಆಪರೇಷನ್ ಮಾಡಿಸುವುದು ಹೇಗೆ ಎಂಬುದು ಅವರ ವಾದ. ನನ್ನನ್ನೂ ಕರೆದೊಯ್ದಿದ್ದರು. ಸಿದ್ದಪ್ಪನವರು ಎಳನೀರು ಕೆತ್ತಿಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ತಲೆ ಅಲ್ಲಾಡಿಸಿದರು. “ಬುಡಿ ಸಾಬ್ರೆ. ವಯಸ್ಸಾಗೈತೆ, ಕಣ್ ಕೀಳ್ಸಿ ಯಾಕ್ ಹಿಂಸೆ ಕೊಡ್ತೀರಿ? ಒಕ್ಕಣ್ಣಿ ಅನ್ನಿಸ್ಕೊಂಡ್ ಬದುಕೋಕಿಂತ ನೆಮ್ಮದಿಯಾಗ್ ಹೋಗ್ಲಿ” ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ದಾದಾ ನನ್ನ ಕೈ ಹಿಡಿದುಕೊಂಡು ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ಅವರು ಇಂಜೆಕ್ಷನ್ನಿನ ಕಡೆಗೇ ಮನಸ್ಸು ಮಾಡಿಬಿಟ್ಟಿದ್ದಾರೆಂದು ಹೇಗೋ ನನಗೆ ಗೊತ್ತಾಯಿತು.

ಮಾರನೆಯ ಬೆಳಗ್ಗೆ ಲಾಯದ ಮುಂದೆಯೇ ಪಂಚಾಯಿತಿ ನಡೆಯಿತು. ದಾದಾ ಒಂದೇ ಒಂದು ಷರತ್ತು ಹಾಕಿದರು: ಮಾತೆಲ್ಲ ಉರ್ದುವಿನಲ್ಲೇ ಆಗಬೇಕು, ರಂಗಿಗೆ ತಿಳಿಯಬಾರದು. ಯಾರೂ ನಗಲಿಲ್ಲ. ನನ್ನ ಅಬ್ಬ ಆಪರೇಷನ್ ಆಗಲಿ ಎಂದರು. ದಾದಾ ಹೇಳಿದ ಮಾತು ನನಗಿನ್ನೂ ನೆನಪಿದೆ. ಅವಳ ಕಣ್ಣು ಕಿತ್ತು ಅವಳನ್ನು ಉಳಿಸಿಕೊಳ್ಳುವುದು ನನ್ನ ಆಸೆಗೆ, ಅವಳ ಸುಖಕ್ಕಲ್ಲ, ಅರ್ಧ ಕತ್ತಲಲ್ಲಿ ಅವಳು ಯಾಕೆ ಬದುಕಬೇಕು ಎಂದರು. ಹುರುಳಿಯ ಪಾತ್ರೆ ಇಳಿಸಿದ ದಾದಿ ಎದ್ದು ಬಂದರು. ಎಲ್ಲರ ಮುಂದೆ, ಷರತ್ತನ್ನು ಮುರಿದು, ರಂಗಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದು, ತಮ್ಮ ಅರೆಬರೆ ಕನ್ನಡದಲ್ಲಿ ಜೋರಾಗಿ ಶುರುಮಾಡಿದರು.

“ಏನೇ ರಂಗಿ, ಕೇಳಿಸ್ಕೋ. ಇಷ್ಟ್ ವರ್ಷ ನಿನ್ನ ಎರಡು ಕಣ್ಣಿಗೂ ಪಟ್ಟಿ ಕಟ್ಟಿ ಊರೆಲ್ಲಾ ಓಡ್ಸಿದ್ರಲ್ಲಾ ಇವ್ರು, ಪಕ್ಕದಾಗೆ ಏನೈತೆ ಅಂತ ಒಂದ್ ದಿನಾನಾದ್ರೂ ತೋರ್ಸಿದಾರಾ? ಈಗ ಒಂದ್ ಕಣ್ಣು ಹೋಗ್ತದೆ ಅಂತ ಅಳ್ತಾ ಕೂತವ್ರೆ. ಆ ಪಟ್ಟೀನ ನಾನು ಒಲೆಗೆ ಹಾಕ್ತೀನಿ ಕಣೇ. ನೀನು ಒಂದೇ ಕಣ್ಣಲ್ಲಿ ಎಲ್ಲಾ ನೋಡು, ಇವ್ರು ಎರಡು ಬಿಟ್ಕೊಂಡು ನಿನ್ನೇ ನೋಡ್ಲಿ!”

ದಾದಾ ಹೆಂಡತಿಯ ಮುಖವನ್ನೇ ನೋಡಿದರು. ಪಟ್ಟಿ ಇಲ್ಲದೆ ರಸ್ತೆಗೆ ಬಿಟ್ಟರೆ ಲಾರಿ ಬಂದಾಗ ಬೆದರುತ್ತಾಳಲ್ಲ ಎಂದು ಗೊಣಗಿದರು. ದಾದಿ ಬಿಡಲಿಲ್ಲ. ಲಾರಿ ಬರುವುದು ಬಲಗಡೆಯಿಂದ, ತೆಗೆಯುವುದೂ ಬಲಗಣ್ಣೇ, ಎಡಕ್ಕಿರುವುದು ಬರೀ ಅಂಗಡಿಗಳು ಎಂದರು. ದಾದಾರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು. ತೀರ್ಮಾನವಾಗಿಹೋಯಿತು.

ಕುಣಿಗಲ್ಲಿಗೆ ಹೋಗಲು ತೆಂಗಿನಕಾಯಿ ಸಾಗಿಸುವ ಗಾಡಿ ತಂದವರು ಸಿದ್ದಪ್ಪನವರೇ. ಬೇಡ ಎಂದಿದ್ದ ಮನುಷ್ಯ ವಿಷಯ ತಿಳಿದ ಕೂಡಲೇ ಗಾಡಿಯ ತುಂಬ ಹುಲ್ಲು ಹಾಸಿಕೊಂಡು ಬಂದಿದ್ದರು. ಡಾಕ್ಟರಮ್ಮನ ಅಂಗಳದಲ್ಲಿ ಒಂದು ದೊಡ್ಡ ಹುಣಸೆಮರ. ಅದರ ನೆರಳಿನಲ್ಲಿ ರಂಗಿಯನ್ನು ನಿಲ್ಲಿಸಿ, ಮಂಪರಿನ ಇಂಜೆಕ್ಷನ್ ಕೊಟ್ಟು, ಕಣ್ಣಿನ ಸುತ್ತ ಮರಗಟ್ಟಿಸಿದರು. ನಮ್ಮ ಅಮ್ಮಿ ನನ್ನನ್ನು ಕಾಂಪೌಂಡಿನ ಆಚೆ ಕೂರಿಸಿಕೊಂಡಿದ್ದರು, ಹಾಗಾಗಿ ನಾನು ನೋಡಿದ್ದು ಏನೂ ಇಲ್ಲ, ಕೇಳಿದ್ದಷ್ಟೇ. ಕೇಳಿದ್ದು ದಾದಾರ ದನಿಯನ್ನು. ರಂಗಿಯ ತಲೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಅವರು ಅಷ್ಟು ಹೊತ್ತೂ ಬಿಡದೆ ಮಾತಾಡಿದರು. ಚೇಳೂರಿನ ತೋಟದ ಮಾತು, ಅವಳು ಮರಿಯಾಗಿದ್ದಾಗ ಸೌತೆಬಳ್ಳಿ ತಿಂದು ಹೊಡೆತ ತಿಂದ ಮಾತು, ರೈಲ್ವೆ ಸ್ಟೇಷನ್ನಿನ ಮಳೆಯ ಮಾತು. “ಹೋ ಕಣವ್ವಾ, ಇನ್ನೇನ್ ಆಗೋಯ್ತು, ನಿಲ್ಲವ್ವಾ” ಎಂಬುದು ನಡುನಡುವೆ ಬರುತ್ತಿತ್ತು. ಅವಳು ನಿಂತಳು. ಕಾಲು ಕೂಡ ಕದಲಿಸಲಿಲ್ಲವಂತೆ. ಹೊರಗೆ ಬಂದ ಡಾಕ್ಟರಮ್ಮ ಕೈಗವಸು ಕಳಚುತ್ತ, “ಗಂಟು ಪೂರ್ತಿ ಬಂತು. ನಿಮ್ ಕುದ್ರೆ ಗಟ್ಟಿಗಿತ್ತಿ” ಎಂದಾಗ ಸಿದ್ದಪ್ಪನವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿಯೇ ಅತ್ತರು. ದಾದಾ ಅವರ ಬೆನ್ನು ತಟ್ಟುತ್ತ ನಿಂತರು.

ಗಾಯ ಮಾಗಿ, ಹೊಲಿಗೆ ಬಿಚ್ಚಿ, ರಂಗಿ ಮೊದಲ ಸಲ ಗಾಡಿ ಕಟ್ಟಿಸಿಕೊಂಡು ಓಣಿಯಿಂದ ಹೊರಬಂದ ಬೆಳಗ್ಗೆ ನಾನು ದಾದಾರ ಪಕ್ಕದಲ್ಲೇ ಕೂತಿದ್ದೆ. ದಾದಿ ಮಾತು ಉಳಿಸಿಕೊಂಡಿದ್ದರು, ಪಟ್ಟಿ ಒಲೆಗೆ ಹೋಗಿತ್ತು. ಬಲಗಡೆ ಲಾರಿಗಳು ಭರ್ ಎಂದು ಹೋದವು, ಅವಳು ಕಿವಿ ಸಹ ಅಲುಗಿಸಲಿಲ್ಲ. ಬಳೆ ಅಂಗಡಿಯ ಮುಂದೆ ಮಾತ್ರ ಗಕ್ಕನೆ ನಿಂತಳು. ಅದೇ ರಸ್ತೆಯಲ್ಲಿ ಅವಳು ಇಷ್ಟು ವರ್ಷ ನಡೆದಿದ್ದಳು, ಆದರೆ ಅಲ್ಲಿ ಬಳೆಗಳು ತೂಗುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಹೂವಿನವಳ ಮುಂದೆ ನಿಂತಳು, ಬೇಕರಿಯ ಮುಂದೆ ನಿಂತಳು, ಟೈಲರ್ ಅಂಗಡಿಯ ಕನ್ನಡಿಯಲ್ಲಿ ಒಂದು ಬೂದಿ ಕುದುರೆಯನ್ನು ಕಂಡು ಮೂಗರಳಿಸಿದಳು. ಹಿಂದೆ ಕೂತ ಮಕ್ಕಳು ಶಾಲೆಗೆ ತಡವಾಗುತ್ತದೆಂದು ಕಿರುಚಿದರು. ದಾದಾ ಚಾವಟಿ ಮುಟ್ಟಲೇ ಇಲ್ಲ. “ನೋಡ್ಲಿ ಇರ್ರೋ, ಇವತ್ತು ತಾನೆ ಊರಿಗ್ ಬಂದವ್ಳೆ” ಎಂದರು. ಸ್ಟ್ಯಾಂಡಿನಲ್ಲಿ ಒಕ್ಕಣ್ಣಿನ ಕುದುರೆಯ ಗಾಡಿ ಯಾರು ಹತ್ತುತ್ತಾರೆ ಎಂದಿದ್ದವರ ಮುಂದೆ ಅವಳು ಕತ್ತೆತ್ತಿ, ಗೊರಸು ಟಪಟಪ ಸದ್ದು ಮಾಡುತ್ತ ಓಡಿದಳು. ಆ ಗಳಿಗೆಯಲ್ಲಿ ನನಗಾದ ಹೆಮ್ಮೆ, ಮುಂದೆ ನನ್ನ ಯಾವ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ರಂಗಿ ಹಾಗೆಯೇ ಇನ್ನೂ ಕೆಲವು ಬೇಸಿಗೆಗಳನ್ನು ಕಂಡಳು. ಗಂಟು ಮತ್ತೆ ಬರಲಿಲ್ಲ. ಗಾಡಿ ನಿಂತ ಮೇಲೂ ದಾದಾ ಅವಳನ್ನು ಸುಮ್ಮನೆ ನಡೆಸಿಕೊಂಡು ಪೇಟೆ ಸುತ್ತಿಸುತ್ತಿದ್ದರು. ಈಗ ಆ ಓಣಿಯಲ್ಲಿ ಲಾಯವಿಲ್ಲ, ಅಂಗಳವಿಲ್ಲ, ಮೇಲೆ ಮನೆ ಕೆಳಗೆ ಅಂಗಡಿಗಳ ಕಟ್ಟಡ ಎದ್ದಿದೆ. ದಾದಾ, ದಾದಿ, ಸಿದ್ದಪ್ಪನವರು ಎಲ್ಲರೂ ಹೋಗಿಬಿಟ್ಟರು. ಬಳೆ ಅಂಗಡಿಯೂ ಇಲ್ಲ. ಆ ರಸ್ತೆಯಲ್ಲಿ ನಾನು ದಿನವೂ ಓಡಾಡುತ್ತೇನೆ, ನಿಜ ಹೇಳಬೇಕೆಂದರೆ ಅಕ್ಕಪಕ್ಕ ನೋಡುವುದಿಲ್ಲ. ಒಂದು ಕಾಲದಲ್ಲಿ ಆ ಪೇಟೆಯನ್ನು ಅಷ್ಟು ಆಸೆಯಿಂದ ನೋಡಿದ ಜೀವ ಒಂದಿತ್ತು.

ರಂಗಿ ಹೋದದ್ದು ಒಂದು ಮುಂಜಾನೆ, ಅಂಗಳದ ಬಿಸಿಲಿನಲ್ಲಿ, ಬಾಗಿಲಿನ ಕಡೆಗೆ ಮುಖ ಮಾಡಿ ಮಲಗಿದ್ದಾಗ. ಚೇಳೂರಿನಿಂದ ಸಿದ್ದಪ್ಪನವರು ಗಾಡಿ ತಂದರು, ತಮ್ಮ ತೋಟದಲ್ಲೇ ಮಣ್ಣು ಮಾಡುತ್ತೇನೆಂದರು. ಎತ್ತುವ ಮೊದಲು ಅವರು ಬಗ್ಗಿ ಅವಳ ತೆರೆದ ಕಣ್ಣಿನ ರೆಪ್ಪೆಯ ಮೇಲೆ ಕೈಯಿಟ್ಟರು. ದಾದಾ ಆ ಕೈಯನ್ನು ಹಿಡಿದರು.

“ಮುಚ್ಬೇಡಿ ಸಿದ್ದಪ್ಪೋರೆ,” ಎಂದರು. “ನೋಡ್ಲಿ ಬುಡಿ.”