ಎಪ್ಪತ್ತೊಂದು ಕಿಲೋಮೀಟರ್

ಹೋದ ಶನಿವಾರ ಸೈಕಲ್ಲಿನ ಹ್ಯಾಂಡಲ್‌ಗೆ ಸುತ್ತಿದ್ದ ಹಳೆಯ ಪಟ್ಟಿ ಬಿಚ್ಚಿದೆ. ಒಳಗಿನಿಂದ ಪಂಕ್ಚರ್ ಸಲ್ಯೂಷನ್ ವಾಸನೆ ಬಂತು. ಪಟ್ಟಿಯ ತುದಿಗೆ ಅದನ್ನು ಹಚ್ಚುತ್ತಿದ್ದವರು ಒಬ್ಬರೇ, ಕೋಡಿ ರಸ್ತೆಯ ಸೈಕಲ್ ಅಂಗಡಿಯವರು. ಮಾಮ ಎಂದು ಕರೆಯುತ್ತಿದ್ದೆ. ನಂಬುತ್ತಿರಲಿಲ್ಲ...

ಐದು ವರ್ಷದ ಹಿಂದಿನ ಮಾತು. ಆ ರೇಸಿನ ಸೈಕಲ್ ನಮ್ಮ ದೊಡ್ಡಪ್ಪನ ಮಗನದ್ದು, ಆರಡಿ ಆಳಿನದ್ದು. ತಿಂಗಳಿಗೊಮ್ಮೆ ಅದರಲ್ಲಿ ತೆಕ್ಕಟ್ಟೆಯಿಂದ ಶಿರೂರಿನ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಡೈರಿಯಲ್ಲಿ ಆರು ಪ್ರಯಾಣಗಳ ಲೆಕ್ಕವಿದೆ. ಆರು ಸಲವೂ ಕಿರಿಮಂಜೇಶ್ವರ ಬರುವ ಮೊದಲೇ ಬೆರಳು ಜೋಮು ಹಿಡಿದಿತ್ತು. ಆರು ಸಲವೂ ಬೈಂದೂರು ದಾಟಿ ಒತ್ತಿನೆಣೆ ಏರಿನಲ್ಲಿ ಇಳಿದು ತಳ್ಳಿದ್ದೆ. ಏಳನೇ ಸಲವೂ ಇಳಿದರೆ ಸೈಕಲ್ ಬಿಟ್ಟು ಬಸ್ಸೇ ಗತಿ ಎಂದು ಬರೆದುಕೊಂಡಿದ್ದೆ.

ಅದಕ್ಕೂ ಮೊದಲು ಸೈಕಲ್ಲನ್ನು ಕೋಡಿ ರಸ್ತೆಗೆ ಒಯ್ದು ಜೋಮು, ಏರು ಎರಡನ್ನೂ ಹೇಳಿದೆ. ಅಂಗಡಿಯವರು ನನ್ನನ್ನು ತಿರುಗಿ ನಿಲ್ಲಿಸಿ, ಹಿಡಿಸೂಡಿ ಪೊರಕೆಯ ಕಡ್ಡಿಯೊಂದನ್ನು ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ ಹಿಡಿದು ಉಗುರಿನಲ್ಲಿ ಮುರಿದರು. ಬ್ಯಾಗಿನಲ್ಲಿ ಟೇಪ್ ಇದೆ ಎಂದೆ. ಕೇಳಿಸಿಕೊಳ್ಳಲಿಲ್ಲ. ಕಡ್ಡಿಯನ್ನು ಹ್ಯಾಂಡಲ್ ಮೇಲಿಟ್ಟಾಗ ಎರಡೂ ಕಡೆ ಹ್ಯಾಂಡಲ್ ಎರಡೆರಡು ಬೆರಳಿನಷ್ಟು ಹೊರಗೆ ಉಳಿಯಿತು.

“ಕಂಡ್ಯಾ? ಇದ್ ಯಾವ್ದೋ ರಾಕ್ಷಸನಿಗೆ ಮಾಡದ್ದ್ ಮಾರಾಯ್ತಿ! ಅಗಲ ಕಮ್ಮಿದ್ ಹಾಕಿ ಚೂರ್ ಮೇಲೆ ಎತ್ತುವ. ಹಿಂದ್ ಇಪ್ಪತ್ತೆಂಟ್ ಹಲ್ಲಿನ ಚಕ್ರ ಹಾಕ್ತೆ, ತುಳುಕೆ ಹಗುರ ಆತ್ತ್. ಎಂಟ್ ದಿನ ಬಿಟ್ಟ್ ಬಾ.”

ಹೊರಡುವ ಮುಂಚೆ ಸೈಕಲ್ಲಿನ ಮೀಟರ್ ನೋಡಿ 1208 ಎಂದು ಬರೆದೆ.

“ಎಂತ ಬರೆಯೂದ್ ಅದ್ರಗೆ? ಪೊಲೀಸ್ರ್ ಡೈರಿಯಾ?” ಎಂದು ನಕ್ಕರು.

ಎಂಟು ದಿನ ಬಿಟ್ಟು ಹೋದಾಗ ಮೀಟರಿನಲ್ಲಿ 1279. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಸೀಮೆಸುಣ್ಣದ ಗುರುತಿಟ್ಟು ಹಲ್ಲು ಎಣಿಸಿದೆ. ಮೂವತ್ತೆರಡು. ಸ್ಟೂಲಿನಿಂದ ಎದ್ದ ಅಂಗಡಿಯವರು ಕುಂಟುತ್ತಿದ್ದರು.

“ಇಪ್ಪತ್ತೆಂಟ್ ಅಂದಿದ್ರಿ,” ಎಂದೆ.

“ಏರಿಗೆ ಅದ್ ಸಾಕಾತಿಲ್ಲೆ. ಮತ್ತೆ ಬಿಚ್ಚಿ ಇದ್ ಹಾಕ್ದೆ.”

“ಎಪ್ಪತ್ತೊಂದ್ ಕಿಲೋಮೀಟರ್ ಯಾರ್ ಬಿಟ್ಟದ್ ಮಾಮ? ಬಾಡ್ಗೆಗ್ ಕೊಟ್ರ್ಯಾ?”

ಬಟ್ಟೆ ತುಂಡಿನಲ್ಲಿ ಕೈ ಒರೆಸುತ್ತಿದ್ದವರು ನಿಲ್ಲಿಸಿದರು. “ಸೈಕಲ್ ಸರಿ ಆಯ್ತಾ ಇಲ್ಯಾ, ಅದ್ ಕಾಣ್,” ಎಂದರು. ಅಷ್ಟೇ. ನಗಲಿಲ್ಲ.

ಆ ದಿನದ ಪುಟದಲ್ಲಿ ಎಲ್ಲವನ್ನೂ ಬರೆದಿದ್ದೇನೆ: ಹೆಚ್ಚಾದ ಕಿಲೋಮೀಟರ್, ಬದಲಾದ ಹಲ್ಲಿನ ಲೆಕ್ಕ, ಕುಂಟು ಕಾಲು. ಕೆಳಗೆ ‘ಬಾಡಿಗೆ?’ ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಏಳನೇ ಪ್ರಯಾಣದಲ್ಲಿ ಬೆರಳು ಜೋಮು ಹಿಡಿಯಲಿಲ್ಲ, ಒತ್ತಿನೆಣೆಯಲ್ಲಿ ಇಳಿಯಲಿಲ್ಲ. ‘ಕಾಲು ಪಳಗಿದೆ’ ಎಂದು ಬರೆದೆ. ಅವರಿಗೆ ಹೇಳಲು ಹೋಗಲಿಲ್ಲ. ಮುಂದೆ ರಿಪೇರಿಗೆ ಬ್ರಹ್ಮಾವರದವರೆಗೆ ಹೋದೆನೇ ಹೊರತು ಕೋಡಿ ರಸ್ತೆಗಲ್ಲ. ಅವರು ತೀರಿಕೊಂಡದ್ದು ಗೊತ್ತಾದದ್ದೂ ತಿಂಗಳು ಕಳೆದ ಮೇಲೆ...

ಶನಿವಾರ ಆ ವಾಸನೆಗೆ ಹಳೆಯ ಡೈರಿ ತೆಗೆದೆ. ಅನುಮಾನ ಈ ಸಲ ನನ್ನ ಮೇಲೆಯೇ ಬಂತು. ನನ್ನ ಲೆಕ್ಕವೆಲ್ಲ ತೆಕ್ಕಟ್ಟೆಯ ಮನೆಯಿಂದ ಶುರುವಾಗುತ್ತಿತ್ತು; ಅವರ ಅಂಗಡಿಯಿಂದ ನಾನು ಎಂದೂ ಅಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಲ್ಲಿಂದಲೇ ಹೊರಟೆ. ಒತ್ತಿನೆಣೆಯ ನೆತ್ತಿ ಮುಟ್ಟಿ, ಶಿರೂರಿಗೆ ಹೋಗದೆ ಹಿಂದಿರುಗಿದೆ. ಅಂಗಡಿಯ ಮುಂದೆ ಬ್ರೇಕ್ ಹಿಡಿದಾಗ ಮೀಟರಿನಲ್ಲಿ ಎಪ್ಪತ್ತೊಂದು ಹೆಚ್ಚಾಗಿತ್ತು. ಅವರ ಅರವತ್ತು ದಾಟಿದ ಕಾಲು, ಇಪ್ಪತ್ತೆಂಟು ಹಲ್ಲು, ಆ ಏರು...

ಈಗ ಅಲ್ಲಿ ಮೊಬೈಲ್ ಅಂಗಡಿ. ಒಳಗಿದ್ದ ಹೆಂಗಸು ಬಾಗಿಲಿಗೆ ಬಂದು, “ಹ್ವಾಯ್, ಎಂತ ಬೇಕಿತ್ತ್?” ಎಂದು ಕೇಳಿದರು.

“ಎಂತ ಇಲ್ಲೆ,” ಎಂದೆ.