ಕತ್ತೆಗಳ ಊರಿನಲ್ಲಿ ಸೋಮವಾರದ ಭಿಕ್ಷೆ

ಹ್ಯಾಂಡ್‌ಪೋಸ್ಟ್‌ನಲ್ಲಿ ಹುಣಸೂರಿನ ಬಸ್ಸು ತಪ್ಪಿತು. ಬಿಸಿಲು ತಡೆಯಲಾರದೆ ಪಶು ಆಹಾರದ ಅಂಗಡಿಯೊಂದರ ನೆರಳಿಗೆ ಸರಿದು ನಿಂತೆ. ಒಳಗೆ ಯಾರೋ ಹೊಸ ಮೂಟೆ ಬಿಚ್ಚಿದರು. ಒಣಹುಲ್ಲು, ಕಾಕಂಬಿ, ಸ್ವಲ್ಪ ಉಪ್ಪು, ಸ್ವಲ್ಪ ಮುಗ್ಗಲು... ಆ ವಾಸನೆ ಬಂದದ್ದೇ ತಡ, ಗುಡ್ಡಪ್ಪ ನೆನಪಾದರು. ಮುಖವಲ್ಲ, ಬರೀ ದವಡೆ. ಬಿಳಿ ಕುರುಚಲು ಗಡ್ಡದ, ಏನನ್ನೋ ಕಷ್ಟಪಟ್ಟು ಜಗಿಯುತ್ತಿರುವ ದವಡೆ. ಉಳಿದ ಮುಖವನ್ನು ನಾನು ಆಮೇಲೆ ಜೋಡಿಸಿಕೊಂಡೆ. ಅದು ಎಷ್ಟು ಸರಿಯೋ ಗೊತ್ತಿಲ್ಲ.

ಗುಡ್ಡಪ್ಪ ಎಂಬುದು ಅವರ ಹೆಸರಲ್ಲ. ಮಾದಪ್ಪನ ಬೆಟ್ಟದಲ್ಲಿ ದೀಕ್ಷೆ ಪಡೆದು, ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ನಾನು ಕೋಟೆ ತಾಲ್ಲೂಕಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಪ್ರತಿ ಸೋಮವಾರ ಬೆಳಿಗ್ಗೆ ಅವರು ನಮ್ಮ ಬೀದಿಗೆ ಬರುತ್ತಿದ್ದರು. ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ. ಬಾಗಿಲ ಮುಂದೆ ನಿಂತು ಕಂಸಾಳೆಯನ್ನು ಒಮ್ಮೆ ಝಣ್ ಎನ್ನಿಸಿ "ಉಘೇ" ಎನ್ನುವರು. ನನ್ನ ಹೆಂಡತಿ ಮೊರದಲ್ಲಿ ರಾಗಿ ತಂದು ಸುರಿಯುವಳು. ಅವರು ಅವಳ ಹಣೆಗೆ ಒಂದು ಗೆರೆ ವಿಭೂತಿ ಎಳೆದು ಮುಂದಿನ ಮನೆಗೆ ಹೋಗುವರು. ಅವರಿಗೆ ಎರಡು ಎಕರೆ ಜಮೀನಿತ್ತು, ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ದೀಕ್ಷೆ ಕೊಟ್ಟ ಗುರು ಹಾಕಿದ ಕಟ್ಟು ಅದು: ಸೋಮವಾರ ಒಂದು ಬಾಗಿಲಿನಿಂದಾದರೂ ಧಾನ್ಯ ಬೀಳದೆ ಬಾಯಿಗೆ ತುತ್ತು ಇಡುವಂತಿಲ್ಲ, ಮೊದಲ ತುತ್ತು ಆ ಧಾನ್ಯದ್ದೇ ಆಗಬೇಕು. ಆ ದಿನ ದುಡ್ಡು ಮುಟ್ಟುವಂತಿಲ್ಲ. ಜೊತೆಯಲ್ಲಿ ಉಣ್ಣುವವರ ಕೈಯಿಂದ ಪಡೆಯುವಂತಿಲ್ಲ. ಕೊಟ್ಟ ಧಾನ್ಯ ಯಾವುದೇ ಆಗಲಿ, ಬೇಡ ಎನ್ನುವಂತಿಲ್ಲ.

ಅವರ ಮೇಳವನ್ನು ಅಮೆರಿಕದ ಒಂದು ಕನ್ನಡ ಸಂಘದವರು ಕರೆಸಿಕೊಂಡರು. ಊರೂರು ಸುತ್ತುವ ಟೂರು. ಗುಡ್ಡಪ್ಪ, ಅವರ ನಾಲ್ಕು ಜನ ಶಿಷ್ಯರು, ಇಂಗ್ಲಿಷ್ ಮಾತಾಡಲಿಕ್ಕೆ ನಾನು. ಹೊರಡುವ ಮೊದಲು ಗುಡ್ಡಪ್ಪ ನನ್ನನ್ನು ಕೇಳಿದ್ದು ಒಂದೇ: "ಮೇಷ್ಟ್ರೇ, ಅಲ್ಲಿ ಸೋಮಾರ ಬತ್ತದಾ?"

ಬರುತ್ತದೆ ಎಂದೆ.

"ಮನೆಗಳ್ಗೆ ಬಾಕ್ಲು ಅವೆ ತಾನೆ?"

ಇವೆ ಎಂದೆ. "ಅಂಗಾರೆ ಸರಿ ಬುಡಿ, ಓಗ್‌ಬರಾನ" ಎಂದರು.

ಮೊದಲ ಸೋಮವಾರಗಳು ಸುಲಭವಾಗಿಯೇ ಕಳೆದವು. ಸಂಘದವರ ಮನೆಗಳಲ್ಲಿ ಇಳಿದುಕೊಂಡಿದ್ದೆವು. ಪಕ್ಕದ ಬೀದಿಯ ಇನ್ನೊಂದು ಕನ್ನಡದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ಸೋನಾ ಮಸೂರಿ ಸುರಿದಳು. ಅವಳ ಕಣ್ಣಲ್ಲಿ ನೀರು ಬಂತು ಎಂದು ನನಗೆ ನೆನಪು. ಬಂದಿರಲಿಕ್ಕಿಲ್ಲ. ಇಂಥ ಕಡೆ ನೆನಪು ತಾನಾಗಿ ನೀರು ಹಾಕುತ್ತದೆ.

ಕೊನೆಯ ಎರಡು ಕಾರ್ಯಕ್ರಮಗಳ ನಡುವೆ ಬಿಡುವಿತ್ತು. ಸಂಘದ ಕಾರ್ಯದರ್ಶಿ, ಮೈಸೂರಿನ ಕಡೆಯವರೇ, ಒಳ್ಳೆಯ ಮನುಷ್ಯ, ತಮ್ಮ ರಜೆ ಹಾಕಿ, ಹೆಂಡತಿಯೊಡನೆ ವ್ಯಾನು ಓಡಿಸಿಕೊಂಡು ನಮ್ಮನ್ನು ಜಗತ್ಪ್ರಸಿದ್ಧ ಕಣಿವೆ ತೋರಿಸಲು ಕರೆದುಕೊಂಡು ಹೊರಟರು. ದಾರಿಯಲ್ಲಿ ಮರುಭೂಮಿ. ಆ ಮರುಭೂಮಿಯ ನಡುವೆ ಒಂದು ವಿಚಿತ್ರ ಊರು. ಹಿಂದೆ ಚಿನ್ನದ ಗಣಿ ಇತ್ತಂತೆ. ಚಿನ್ನ ಮುಗಿದಾಗ ಗಣಿಯವರು ಕತ್ತೆಗಳನ್ನು ಬಿಟ್ಟು ಹೋದರಂತೆ. ಈಗ ಆ ಕತ್ತೆಗಳ ಸಂತತಿಯೇ ಊರಿನ ಯಜಮಾನರು. ಒಂದೇ ಬೀದಿ, ಎರಡೂ ಕಡೆ ಮರದ ಹಲಗೆಯ ಅಂಗಡಿಗಳು, ಬೀದಿಯ ಮಧ್ಯೆ ಸುಳ್ಳು ಬಂದೂಕು ಹಿಡಿದು ಸುಳ್ಳು ಜಗಳ ಆಡುವ ಟೋಪಿಯವರು. ಕತ್ತೆಗಳು ಅಂಗಡಿಯಿಂದ ಅಂಗಡಿಗೆ ಹೋಗಿ ಬಾಗಿಲಲ್ಲಿ ಮುಖ ತೂರಿಸುತ್ತಿದ್ದವು. ಪ್ರವಾಸಿಗಳು ತಿನ್ನಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಂದು ಸೋಮವಾರ.

ಕಾರ್ಯದರ್ಶಿಯ ಹೆಂಡತಿ ವ್ಯಾನಿನಲ್ಲಿದ್ದ ಅಕ್ಕಿಯ ಚೀಲದಿಂದ ಒಂದು ಹಿಡಿ ತೆಗೆದು, "ತಗೊಳ್ಳಿ ಗುಡ್ಡಪ್ಪನೋರೇ, ಇದನ್ನೇ ಭಿಕ್ಷೆ ಅಂದ್ಕೊಳ್ಳಿ" ಎಂದರು. ಗುಡ್ಡಪ್ಪ ಕೈ ಮುಗಿದರು. "ನೀವು ನಮ್ ಜೊತೇಲಿ ಉಣ್ಣೋರು ಕಣವ್ವ. ಆಗಕಿಲ್ಲ." ಹಿಂದಿನ ರಾತ್ರಿಯ ಊಟದ ನಂತರ ಅವರು ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಮಧ್ಯಾಹ್ನವಾಗಿತ್ತು. ಅರವತ್ತು ದಾಟಿದ ಮೈ. ಮಾರನೆಯ ದಿನ ಸಂಜೆ ಇನ್ನೊಂದು ಊರಿನಲ್ಲಿ ಎರಡು ಗಂಟೆ ಕುಣಿಯಬೇಕಿತ್ತು.

ಅವರು ಜೋಳಿಗೆ ಹಾಕಿಕೊಂಡು ಬೀದಿಗೆ ಇಳಿದರು. ನಾನು ಹಿಂದೆ ಹೋದೆ. ಮೊದಲ ಅಂಗಡಿಯ ಮುಂದೆ ಕಂಸಾಳೆ ಝಣ್ ಎನ್ನಿಸಿ ಹಾಡು ಎತ್ತಿದ್ದೇ, ಜನ ಸುತ್ತ ಸೇರಿದರು. ಬಂದೂಕಿನ ಆಟದ ಹಾಗೆ ಇದೂ ಊರಿನ ಒಂದು ಆಟ ಎಂದುಕೊಂಡರು. ಚಪ್ಪಾಳೆ ತಟ್ಟಿದರು. ಡಾಲರು ಚಾಚಿದರು. ಗುಡ್ಡಪ್ಪ ಕೈ ಹಿಂದಕ್ಕೆ ಎಳೆದುಕೊಂಡರು. ದುಡ್ಡು ಬೇಡ ಎಂದದ್ದಕ್ಕೆ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡನೆಯ ಅಂಗಡಿಯವನು ಕೈ ಬೀಸಿ ಆಚೆ ಹೋಗು ಎಂದ. ಇನ್ನೊಂದರಲ್ಲಿ ಚಾಕಲೇಟು ಕೊಡಲು ಬಂದರು. ಅದು ಧಾನ್ಯವಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಒಂದು ಕತ್ತೆ ಅದನ್ನು ಕಿತ್ತುಕೊಂಡಿತು.

ಗುಡ್ಡಪ್ಪ ನಕ್ಕುಬಿಟ್ಟರು. "ನೋಡಿ ಮೇಷ್ಟ್ರೇ, ಈ ಊರ್‌ನಲ್ಲಿ ಇವೇ ದೇವ್ರಗುಡ್ರು ಕಣ್ರೀ. ಯಾವ್ ಸ್ವಾಮಿ ದೀಕ್ಸೆ ಕೊಟ್ನೋ ಕಾಣೆ, ಒಂದ್ ಬಾಕ್ಲೂ ಬುಡಾಕಿಲ್ಲ."

ಬೀದಿಯ ಕೊನೆಯ ಅಂಗಡಿಯಲ್ಲಿ ಒಬ್ಬಳು ವಯಸ್ಸಾದ ಹೆಂಗಸಿದ್ದಳು. ಯಾವುದಾದರೂ ಧಾನ್ಯ ಇದ್ದರೆ ಈ ಹಿರಿಯರಿಗೆ ಒಂದು ಹಿಡಿ ಕೊಡಿ ಎಂದೆ. ಅವಳು ಒಂದು ಕ್ಷಣ ಅವರನ್ನು ನೋಡಿ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಕಾಗದದ ಪೊಟ್ಟಣಗಳಲ್ಲಿ ಒಂದನ್ನು ತೆಗೆದುಕೊಂಡು ಹೊಸ್ತಿಲು ದಾಟಿ ಬಂದಳು. ಬೆಲೆ ಬೇಡ ಎಂದಳು. ಗುಡ್ಡಪ್ಪ ಜೋಳಿಗೆ ಚಾಚಿದರು. ಸುರಿದಳು. ಅವರು ಅವಳ ಹಣೆಗೆ ವಿಭೂತಿ ಎಳೆದರು. ಅವಳು ತಲೆ ಬಗ್ಗಿಸಿ ನಿಂತು ಎಳೆಸಿಕೊಂಡಳು. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

ಜೋಳಿಗೆಯಲ್ಲಿ ಬಿದ್ದದ್ದು ಕತ್ತೆಗೆ ಹಾಕುವ ಮೇವು. ಒಣಹುಲ್ಲು, ಜೋಳ ಅರೆದು ಬೆರಳಿನ ಗಾತ್ರಕ್ಕೆ ಒತ್ತಿದ ತುಂಡುಗಳು. ಆ ಊರಿನಲ್ಲಿ ಮಾರುತ್ತಿದ್ದ ಧಾನ್ಯ ಅದೊಂದೇ. ನಾನು ಹೇಳಿದೆ. ಅವರು ಒಂದು ತುಂಡು ಮೂಸಿ ನೋಡಿದರು.

"ಬಾಕ್ಲಿಂದ ಬಂತಲ್ಲ. ಅವಮ್ಮ ಕೈಯ್ಯಾರೆ ಕೊಟ್ಲಲ್ಲ. ಬ್ಯಾಡ ಅನ್ನಕ್ಕೆ ನಾನ್ಯಾರು?"

"ಅದು ಕತ್ತೆ ತಿನ್ನೋದು, ಗುಡ್ಡಪ್ಪ."

"ಕತ್ತೆ ತಿಂದು ಸತ್ತಿಲ್ವಲ್ಲ ಬುಡಿ!"

ಹಲಗೆಯ ಮೆಟ್ಟಿಲ ಮೇಲೆ ಕೂತು, ಬಾಟಲಿಯ ನೀರಲ್ಲಿ ನೆನೆಸಿ, ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದು, ಒಂದು ತುಂಡು ಬಾಯಿಗೆ ಹಾಕಿಕೊಂಡರು. ಜಗಿದರು. ಶಿಷ್ಯರು ಬಿದ್ದು ಬಿದ್ದು ನಕ್ಕರು. "ಗುರುವೇ, ಈಗೊಂದ್ ಸ್ವರ ಎತ್ತಿ ನೋಡಾನ" ಎಂದ ಒಬ್ಬ. ಗುಡ್ಡಪ್ಪನೂ ಬಾಯಿ ತುಂಬ ಇಟ್ಟುಕೊಂಡೇ ನಕ್ಕರು. ಹಿರಿಯ ಶಿಷ್ಯ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಊರಿನ ಗೆಳೆಯರ ಗುಂಪಿಗೆ ಕಳಿಸಿದ. ತಮಾಷೆಗೆ. ಬೇರೆ ಉದ್ದೇಶ ಅವನಿಗೆ ಇರಲಿಲ್ಲ. ನುಂಗಿದ ಮೇಲೆ ಗುಡ್ಡಪ್ಪ ವ್ಯಾನಿಗೆ ಬಂದು ಎರಡು ತಟ್ಟೆ ಮೊಸರನ್ನ ಉಂಡರು. ಆ ಟೂರಿನಲ್ಲಿ ಅವರನ್ನು ಅಷ್ಟು ನೆಮ್ಮದಿಯಾಗಿ ನಾನು ಇನ್ನೊಮ್ಮೆ ನೋಡಲಿಲ್ಲ.

ನಾವು ಮಲಗಿ ಏಳುವಷ್ಟರಲ್ಲಿ ಆ ವಿಡಿಯೋ ಕೋಟೆ, ಹುಣಸೂರು, ಪಿರಿಯಾಪಟ್ಟಣ ಎಲ್ಲ ದಾಟಿತ್ತು. ಅಮೆರಿಕದ ಬೀದಿಯಲ್ಲಿ ಭಿಕ್ಷೆ ಬೇಡಿ ಕತ್ತೆ ಮೇವು ತಿಂದ ಕನ್ನಡದ ಕಲಾವಿದ. ಸಂಘದವರು ಊಟ ಹಾಕದೆ ಸಾಯಿಸುತ್ತಿದ್ದಾರೆ ಎಂದರು ಕೆಲವರು. ನಾಡಿನ ಮಾನ ಹರಾಜು ಹಾಕಿದ ಎಂದರು ಉಳಿದವರು. ಕಾರ್ಯದರ್ಶಿಯ ಫೋನು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಹಾಗೆಯೇ ನಾವು ಕಣಿವೆಗೆ ತಲುಪಿದೆವು.

ಕಣಿವೆಯ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಫೋಟೋದಲ್ಲಿ ಇದ್ದಂತೆಯೇ ಇತ್ತು, ಅದಕ್ಕಿಂತ ಗಾಳಿ ಜಾಸ್ತಿ. ಗುಡ್ಡಪ್ಪ ಕಂಬಿ ಹಿಡಿದು ಬಹಳ ಹೊತ್ತು ಕೆಳಗೆ ನೋಡಿದರು. ತಳದಲ್ಲಿ ದಾರದಷ್ಟು ನದಿ. "ಅಲ್ಲಿ ಯಾರಾರ ಮನೆ ಕಟ್ಕಂಡವ್ರಾ?" ಎಂದು ಕೇಳಿದರು. ಇದ್ದರೂ ಇರಬಹುದು ಎಂದೆ.

ಆಗ ಕಾರ್ಯದರ್ಶಿ ಬಂದರು. ಮುಖ ಕಪ್ಪಿಟ್ಟಿತ್ತು. "ಗುಡ್ಡಪ್ಪನವರೇ, ನಾನು ನಿಮ್ಮನ್ನ ಕಲಾವಿದರು ಅಂತ ಸಹಿ ಹಾಕಿ ಕರೆಸಿದ್ದೀನಿ. ಭಿಕ್ಷೆ ಅಂತ ಇಲ್ಲಿ ಯಾರಾದ್ರೂ ದೂರು ಕೊಟ್ರೆ ಮುಗೀತು. ನಾಳೆಯಿಂದ ನಮ್ಮ ಕಡೆಯ ಒಂದು ಮೇಳಕ್ಕೂ ವೀಸಾ ಸಿಗಲ್ಲ. ಒಂದು ನಿಮಿಷದ ವಿಡಿಯೋ ಮಾಡೋಣ. ಅದು ನಮ್ಮ ಆಟದ ಒಂದು ಭಾಗ, ನಾನು ನಟಿಸಿದ್ದು, ನಮ್ಮಲ್ಲಿ ಭಿಕ್ಷೆ ಅನ್ನೋದು ಈಗ ಇಲ್ಲ ಅಂತ ಹೇಳಿಬಿಡಿ. ಅಷ್ಟೇ."

ಗುಡ್ಡಪ್ಪ ಅರ್ಥವಾಗದವರಂತೆ ನನ್ನ ಕಡೆ ನೋಡಿದರು. ಅನುವಾದ ಮಾಡಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ. ಎಲ್ಲ ಕನ್ನಡವೇ.

"ನಟನೆ ಅಲ್ವಲ್ಲ ಸ್ವಾಮಿ" ಎಂದರು.

ಹಿರಿಯ ಶಿಷ್ಯ ಅವರ ಕಾಲ ಬಳಿ ಕೂತ. ಅವರ ತಂಗಿಯ ಮಗ ಅವನು. ಹಾಡು, ಹೆಜ್ಜೆ ಎಲ್ಲ ಅವರೇ ಕಲಿಸಿದ್ದು. "ಅಂದ್ಬುಡು ಮಾವ. ಬಾಯ್ಮಾತು ತಾನೆ? ನಿಂದೇನೋ ಮುಗೀತು, ನಾವ್ ಇನ್ನೊಂದ್ ಕಿತ ಇತ್ಲಾಗ್ ಬರೋದ್ ಬ್ಯಾಡ್ವಾ? ನಮ್ ವೊಟ್ಟೆ ಮ್ಯಾಲೆ ಒಡೀಬ್ಯಾಡ ಕಣ್ ಮಾವ."

ಉಳಿದ ಮೂವರು ಕಣಿವೆಯನ್ನು ನೋಡುತ್ತ ನಿಂತರು. ಗುಡ್ಡಪ್ಪ ಕಂಬಿಯಿಂದ ಕೈ ತೆಗೆದರು. ಆಮೇಲೆ ಸಂಘದವರು ಕೊಟ್ಟ ಸ್ವೆಟರು ಸರಿಮಾಡಿಕೊಂಡು, ಹೇಳಿಕೊಟ್ಟದ್ದನ್ನು ಹೇಳಿದರು. ಗಾಳಿಯ ಸದ್ದಿಗೆ ಕೇಳಲಿಲ್ಲವೆಂದು ಕಾರ್ಯದರ್ಶಿ ಮತ್ತೊಮ್ಮೆ ಹೇಳಿಸಿದರು.

ಕತ್ತೆಗಳ ಊರಿನ ವಿಡಿಯೋವನ್ನು ಅಳಿಸಿಹಾಕಿದ್ದಾರೆ. ಈ ಎರಡನೆಯದು ಇನ್ನೂ ಇದೆ. ಆಗಾಗ ನೋಡುತ್ತೇನೆ. ಅದರಲ್ಲಿ ಅವರು ನಗುತ್ತಿದ್ದಾರೆ. ಹಿಂದೆ ಕೆಂಪು ಬಂಡೆಗಳು, ಮೇಲೆ ನೀಲಿ ಆಕಾಶ, ಒಬ್ಬ ಮುದುಕ ಸಂತೋಷವಾಗಿ "ಅದೆಲ್ಲ ಆಟ ಕಣ್ರಪ್ಪ" ಎನ್ನುತ್ತಿದ್ದಾನೆ. ನನ್ನ ನೆನಪಿನಲ್ಲಿ ಅವರು ನಗಲಿಲ್ಲ. ತುಟಿ ಅದುರುತ್ತಿತ್ತು. ಎರಡರಲ್ಲಿ ಒಂದು ಸುಳ್ಳಿರಬೇಕು. ಯಾವುದೆಂದು ಹೇಳುವ ಧೈರ್ಯ ನನಗಿಲ್ಲ.

ಊರಿಗೆ ಬಂದ ಮೇಲಿನ ಸೋಮವಾರ ಅವರು ಬರಲಿಲ್ಲ. ನನ್ನ ಹೆಂಡತಿ ಮೊರದಲ್ಲಿ ರಾಗಿ ತೆಗೆದಿಟ್ಟು ಕಾದಳು. ಅದರ ಮುಂದಿನ ಸೋಮವಾರವೂ ಬರಲಿಲ್ಲ. ನಾನೇ ಅವರ ಊರಿಗೆ ಹೋದೆ. ಅವರ ಮನೆಯಾಕೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ನನ್ನನ್ನು ನೋಡಿದ್ದೇ ಶುರುಮಾಡಿದರು. "ಬಂದ್ರಾ ಮೇಷ್ಟ್ರು? ಬನ್ನಿ, ನೋಡಿ ನಿಮ್ ಗುಡ್ಡಪ್ಪನ್ನ. ಸೋಮಾರ ಬಂದ್ರೆ ಗೋಡೆ ಕಡೀಕ್ ತಿರಿಕ್ಕಂಡು ಮನಗ್ತದೆ. ನಿಮ್ ಅಮೇರಿಕಕ್ ಬೆಂಕಿ ಬೀಳ!"

ಗುಡ್ಡಪ್ಪ ಎದ್ದು ಕೂತರು. ಭಿಕ್ಷೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಇನ್ಯಾವ್ ಮಕ ಒತ್ಕಂಡು ಬಾಕ್ಲಲ್ಲಿ ನಿಂತ್ಕಳ್ಳಿ? ಆಟ ಅಂದ್ಬುಟ್ನಲ್ಲ. ಆಟ ಆಡೋನ್ಗೆ ಯಾರ್ ರಾಗಿ ಆಕ್ತಾರೆ?"

"ಅದು ಒತ್ತಾಯಕ್ಕೆ ಹೇಳಿದ್ದು. ಮಾದಪ್ಪನಿಗೆ ಗೊತ್ತಾಗಲ್ವಾ?"

"ಅವನ್ಗೆ ಗೊತ್ತಾಯ್ತದೆ. ಗುರು ಮುಂದೆ ಆಡಿದ್ದೂ ಇದೇ ನಾಲ್ಗೆ, ಆ ಕಮರಿ ಮುಂದೆ ಆಡಿದ್ದೂ ಇದೇ ನಾಲ್ಗೆ. ನಂಗೂ ಗೊತ್ತಲ್ಲ ಮೇಷ್ಟ್ರೇ."

ಭಿಕ್ಷೆಯಿಲ್ಲದೆ ಉಣ್ಣುವಂತಿಲ್ಲ, ಭಿಕ್ಷೆಗೆ ನಿಲ್ಲುವ ಬಾಯಿ ಉಳಿದಿಲ್ಲ. ಹಾಗಾಗಿ ಸೋಮವಾರಗಳನ್ನು ಅವರು ನೀರಿನಲ್ಲಿ ಕಳೆದರು. ವರ್ಷಗಟ್ಟಲೆ. ಕಂಸಾಳೆಯನ್ನು ಸೋದರಳಿಯನಿಗೆ, ಆ ಹಿರಿಯ ಶಿಷ್ಯನಿಗೆ, ಕೊಟ್ಟುಬಿಟ್ಟಿದ್ದರು. ಒಂದು ಚಳಿಗಾಲದಲ್ಲಿ ಹೋದರು. ಕಾಯಿಲೆ ಬೇರೆಯೇ ಇತ್ತು, ಉಪವಾಸಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಂಬಿದ್ದೇನೆ. ನಂಬುವುದು ಎಲ್ಲರಿಗೂ ಅನುಕೂಲ.

ಹೋದ ತಿಂಗಳು ಆ ಅಳಿಯ ನನ್ನನ್ನು ಮೈಸೂರಿನ ಒಂದು ಕಾರ್ಯಕ್ರಮಕ್ಕೆ ಕರೆದ. ಈಗ ಅವನದೇ ಮೇಳ, ಎರಡು ಸಲ ಹೊರದೇಶ ನೋಡಿ ಬಂದಿದೆ. ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿದರು. ಕಾರ್ಯಕ್ರಮಕ್ಕೆ ಮೊದಲು ಒಬ್ಬಳು ಹುಡುಗಿ ಬಂದು ನಮಗೆಲ್ಲ ಸಣ್ಣ ಸಣ್ಣ ಅಕ್ಕಿಯ ಪೊಟ್ಟಣ ಹಂಚಿದಳು. ಯಾಕೆ ಎಂದರೆ, "ಭಿಕ್ಷೆ ಸೀನ್‌ಗೆ ಸಾರ್" ಎಂದಳು.

ಕೊನೆಗೆ ದೀಪಗಳು ನಂದಿ ಒಂದೇ ಬೆಳಕು ಉಳಿಯಿತು. ಅಳಿಯ ಜೋಳಿಗೆ ಹಾಕಿಕೊಂಡು ವೇದಿಕೆಯಿಂದ ಇಳಿದ. ಝಣ್. ಸ್ವರ ಗುಡ್ಡಪ್ಪನದೇ, ಅಷ್ಟು ಚೆನ್ನಾಗಿ ಕಲಿಸಿದ್ದರು. ನನ್ನ ಮುಂದೆ ಬಂದು ಜೋಳಿಗೆ ಚಾಚಿದಾಗ ನಾನೂ ಪೊಟ್ಟಣ ಬಿಚ್ಚಿ ಸುರಿದೆ. ಪಕ್ಕದವರು ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ.

ಮುಗಿದ ಮೇಲೆ ಪರದೆಯ ಹಿಂದೆ ಹೋದೆ. ಅಳಿಯ ಜೋಳಿಗೆಯನ್ನು ಒಂದು ಬೇಸಿನ್ನಿಗೆ ಮಗುಚುತ್ತಿದ್ದ. ಕಾಲಿಗೆ ಬಿದ್ದ. "ಎಂಗಿತ್ತು ಮೇಷ್ಟ್ರೇ? ಮಾವ ಇದ್ದಿದ್ರೆ ಕುಸಿ ಪಡ್ತಿದ್ರು ಅಲ್ವಾ?" ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಚೆನ್ನಾಗಿತ್ತು ಎಂದೆ. ಗುಡ್ಡಪ್ಪ ಇಲ್ಲ ಎಂಬುದು, ಅವರು ಸತ್ತ ದಿನಕ್ಕಿಂತ, ಆ ಬೇಸಿನ್ನಿನ ಪಕ್ಕದಲ್ಲಿ ನಿಂತಾಗ ನನಗೆ ಸರಿಯಾಗಿ ತಿಳಿಯಿತು.

ಸಂಜೆ ಇನ್ನೊಂದು ಪ್ರದರ್ಶನವಿತ್ತು. ಹುಡುಗಿ ನೆಲದ ಮೇಲೆ ಕೂತು, ಬೇಸಿನ್ನಿನ ಅಕ್ಕಿಯನ್ನು ಮತ್ತೆ ಪೊಟ್ಟಣಗಳಿಗೆ ತುಂಬತೊಡಗಿದಳು.